ಎಡಗಣ್ಣಿನ ಉಮ್ಮತ್ತಿ

ಚೌತಿಯ ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದ ಹೈಮಾವತಿ ಕಿರುಚಿಕೊಂಡಳು. ಎಡಗಣ್ಣಿನ ಪಾಪೆ ಅಗಲವಾಗಿ ಹರಡಿ, ಕಂದು ಬಣ್ಣವೆಲ್ಲ ಅಂಚಿಗೆ ಸರಿದುಹೋಗಿತ್ತು. ಬಲಗಣ್ಣು ಎಂದಿನಂತೆಯೇ ಇತ್ತು.

ಸುಲೋಚನಾ ಕಾಲೇಜಿಗೆ ರಜೆ ಹೇಳಿ ಮಗಳನ್ನು ನರ್ಸಿಂಗ್ ಹೋಮಿಗೆ ಎಳೆದೊಯ್ದಳು. ಗಂಡ ನರಸಿಂಹಮೂರ್ತಿ ಬ್ಯಾಂಕಿನ ವರ್ಗಾವಣೆಯಿಂದಾಗಿ ಎರಡು ವರ್ಷದಿಂದ ವಿಶಾಖಪಟ್ನಂನಲ್ಲಿದ್ದ. ವಿಜಯವಾಡದ ಮನೆ, ಹನ್ನೆರಡರ ಮಗಳು, ಬಿ.ಎಸ್ಸಿ. ಹುಡುಗಿಯರಿಗೆ ಕೆಮಿಸ್ಟ್ರಿ ಪಾಠ, ಎಲ್ಲವೂ ಇವಳೊಬ್ಬಳ ಹೆಗಲಿಗೆ.

ಡಾಕ್ಟರ್ ರಾಮಮೋಹನ್ ಟಾರ್ಚಿನ ಬೆಳಕು ಬಿಟ್ಟು ನೋಡಿದರು. "ಬಿದ್ದಿದ್ದಾಳಾ? ತಲೆಗೆ ಪೆಟ್ಟು?"

"ಇಲ್ಲ. ಕಣ್ಣಿಗೂ ಏನೂ ಹಾಕಿಲ್ಲ."

"ಪಾಪೆ ಅಗಲ ಮಾಡೋ ಅಟ್ರೋಪಿನ್ ಹಾಕಿದ ಕಣ್ಣಿನ ಹಾಗಿದೆ. ಯಾವ ಡ್ರಾಪ್ಸೂ ಹಾಕಿಲ್ಲ ಅಂತೀರಿ. ಹಾಗಾದ್ರೆ ಮಿದುಳಲ್ಲೇ ಏನೋ ಒತ್ತಡ ಇರಬೇಕು. ಇವತ್ತೇ ವಿಶಾಖಪಟ್ನಂನ ದೊಡ್ಡಾಸ್ಪತ್ರೆಗೆ ಹೊರಡಿ ಮೇಡಂ. ಸ್ಕ್ಯಾನ್ ಮಾಡ್ತಾರೆ, ಬೆನ್ನಿಂದ ನೀರು ತೆಗೀತಾರೆ. ಅಗತ್ಯ ಬಿದ್ರೆ ಆಪರೇಷನ್."

ಎಸ್‌ಟಿಡಿ ಬೂತಿನಿಂದ ಗಂಡನಿಗೆ ಫೋನ್ ಹಚ್ಚಿದಳು. ಆತ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಸಂಜೆ ಗಾಡಿ ಹತ್ತಿ ಬಾ. ನಾನು ಇಲ್ಲಿ ಬೆಡ್ ಹೇಳಿಡ್ತೀನಿ."

ಬಟ್ಟೆ ತುಂಬಿಕೊಳ್ಳಲು ಮನೆಗೆ ಬಂದಾಗ ಮೆಟ್ಟಿಲ ಬಳಿ ಕೆಳಮನೆಯ ಕೋಟೇಶ್ವರಮ್ಮ ನಿರ್ಮಾಲ್ಯದ ಚೀಲ ಹಿಡಿದು ಕಾಲುವೆಗೆ ಹೊರಟಿದ್ದರು. ಚೀಲದ ಬಾಯಿಂದ ಬಾಡಿದ ಎಲೆಗಳು ಇಣುಕುತ್ತಿದ್ದವು. ಸುಲೋಚನಾ ಅಲ್ಲೇ ನಿಂತುಬಿಟ್ಟಳು. ಅಟ್ರೋಪಿನ್!

ತುಮಕೂರಿನ ಅವಳ ತವರಿನಲ್ಲಿ ಗಣಪನಿಗೆ ಗರಿಕೆಯೊಂದಿದ್ದರೆ ಸಾಕಿತ್ತು. "ಇಪ್ಪತ್ತೊಂದು ಪತ್ರಿ ಇಲ್ದೆ ಎಂಥಾ ಪೂಜೆ ಸುಲೋಚನಗಾರೂ!" ಎಂದು ಈ ಸಲ ಮಾರ್ಕೆಟ್ಟಿನಿಂದ ಎಲೆಗಳ ಕಟ್ಟು ತರಿಸಿದವರು ಕೋಟೇಶ್ವರಮ್ಮ. ಪೂಜೆಯ ಪುಸ್ತಕ ತೆಲುಗಿನದು. ಹನ್ನೊಂದು ವರ್ಷವಾದರೂ ಸುಲೋಚನಾ ಆ ಲಿಪಿ ಕಲಿತಿರಲಿಲ್ಲ. ಹೀಗಾಗಿ ಹೆಸರು ಓದಿ ಎಲೆ ಬಿಡಿಸುವ ಕೆಲಸ ಹೈಮಾಳದಾಯಿತು. ಗುರುತು ಹತ್ತದ್ದನ್ನು ಅವಳು ಹಿಸುಕಿ ಮೂಸುತ್ತಿದ್ದಳು. ಕರ್ಪೂರದ ಹೊಗೆ ಎಡಗಣ್ಣಿಗೆ ಹೋದಾಗ ಅದೇ ಕೈಯಲ್ಲಿ ಉಜ್ಜಿಕೊಂಡಿದ್ದಳು.

ಸುಲೋಚನಾ ಮನೆಯೊಳಗೆ ಓಡಿ ಪೂಜೆಯ ಪುಸ್ತಕ ತೆಗೆದಳು. "ಹೈಮಾ, ಆ ಎಲೆಗಳ ಹೆಸರುಗಳನ್ನ ಓದೇ."

ಹುಡುಗಿ ಎಡಗಣ್ಣು ಮುಚ್ಚಿಕೊಂಡು ಓದುತ್ತಾ ಹೋದಳು. ಅರ್ಧ ದಾಟಿರಲಿಲ್ಲ. "ಉಮ್ಮೆತ್ತ."

ಉಮ್ಮತ್ತಿ, ಅಂದರೆ ದತ್ತೂರಿ! ಆ ಗಿಡದ ಅಟ್ರೋಪಿನ್ನಿನ ರಚನೆಯನ್ನು ಸುಲೋಚನಾ ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದಳು. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ. ಎಲೆ ಮಾತ್ರ ತನ್ನ ನಡುಮನೆಯಲ್ಲೇ ಬಿದ್ದಿದ್ದರೂ ಗೊತ್ತಾಗಿರಲಿಲ್ಲ. ಇದೇ ಎಲೆ ಹೊಟ್ಟೆಗೆ ಹೋಗಿದ್ದರೆ ಮಗು ಭ್ರಮೆಯಲ್ಲಿ ಎದುರಿಗಿಲ್ಲದವರ ಜೊತೆ ಮಾತಾಡುತ್ತಾ, ಗೋಡೆಯಲ್ಲಿ ಬಾಗಿಲು ಹುಡುಕುತ್ತಿತ್ತು. ಬೈಯಲು ತನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ.

ಕೋಟೇಶ್ವರಮ್ಮನವರಿಂದ ಗುರುತು ಹಿಡಿಸಿ, ಗಣಪನ ಮುಂದಿನ ರಾಶಿಯಿಂದ ಆ ಎಲೆಗಳನ್ನು ಆರಿಸಿ ಹ್ಯಾಂಡ್‌ಬ್ಯಾಗಿಗೆ ತುರುಕಿಕೊಂಡು ಮತ್ತೆ ನರ್ಸಿಂಗ್ ಹೋಮಿಗೆ ಓಡಿದಳು.

"ಪಾಪೆ ಕಿರಿದು ಮಾಡೋ ಪೈಲೋಕಾರ್ಪಿನ್ ಇದೆಯಲ್ಲ, ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕಿ ನೋಡಿ ಡಾಕ್ಟರೇ. ಅಷ್ಟೇ ಕೇಳೋದು."

"ಎಲೆ ಮುಟ್ಟಿದ್ರೆ ಹೀಗಾಗುತ್ತಾ? ಊರೆಲ್ಲಾ ಪೂಜೆ ಮಾಡಿದೆ. ಎಲ್ರ ಕಣ್ಣೂ ಸರಿಯಾಗಿದೆಯಲ್ಲ!" ಎಂದು ನಕ್ಕರಾದರೂ, ಅವಳ ಕಾಟ ತಾಳದೆ ಹನಿ ಹಾಕಿಸಿದರು. ಮುಕ್ಕಾಲು ಗಂಟೆಯಲ್ಲಿ ಬಲಗಣ್ಣಿನ ಪಾಪೆ ಸಾಸಿವೆಯಷ್ಟಾಯಿತು. ಎಡಗಣ್ಣಿನದು ಕದಲಲಿಲ್ಲ.

"ನೋಡಿದ್ರಾ? ಔಷಧಿಗೂ ಬಗ್ತಿಲ್ಲ. ಕೇಸು ಸೀರಿಯಸ್ಸೇ."

ಸುಲೋಚನಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಬಗ್ಗದೇ ಇರೋದೇ ನನ್ನ ಪುರಾವೆ! ಒತ್ತಡದಿಂದ ನರ ಕೆಟ್ಟಿದ್ರೆ ಈ ಹನಿಗೆ ಪಾಪೆ ಕಿರಿದಾಗಬೇಕಿತ್ತು. ಸ್ನಾಯುವಿನಲ್ಲಿ ಔಷಧಿ ಕೂರೋ ಜಾಗಕ್ಕೆ ಅಟ್ರೋಪಿನ್ ಮೊದಲೇ ಬಂದು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ಸೀಟು ಹಿಡಿದಿದೆ. ಆಮೇಲೆ ಹತ್ತಿದವರು ನಿಂತೇ ಹೋಗಬೇಕು."

"ಮೇಡಂ, ನೀವು ಲೆಕ್ಚರರ್. ಡಾಕ್ಟರ್ ನಾನು. ಗಾಡಿ ಆರೂವರೆಗೆ," ಎಂದು ಡಾಕ್ಟರು ವಿಶಾಖಪಟ್ನಂನ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟರು.

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ. ಸುಲೋಚನಾ ಬ್ಯಾಗಿನಿಂದ ಎಲೆ ತೆಗೆದಳು. ಅಂಗೈಯಲ್ಲಿ ಹೊಸಕಿ, ರಸ ಹತ್ತಿದ ಬೆರಳನ್ನು ತನ್ನ ಎಡಗಣ್ಣಿಗೆ ಒರೆಸಿಕೊಂಡಳು. ನರ್ಸ್ "ಅಮ್ಮೋ!" ಎಂದಳು. ಹೈಮಾ ಅಳಲು ಶುರುಮಾಡಿದಳು.

"ಅಳಬೇಡ. ನಾವು ಇಲ್ಲೇ ಕೂತಿರ್ತೀವಿ ಡಾಕ್ಟರೇ. ಬೇರೆ ಪೇಷೆಂಟ್ಸ್ ನೋಡ್ಕೊಳ್ಳಿ."

ಕಣ್ಣು ಉರಿಯಿತು, ನೀರು ಸುರಿಯಿತು. ಬೆಂಚಿನ ಮೇಲೆ ಮಗಳ ಕೈ ಹಿಡಿದು ಕುಳಿತವಳಿಗೆ ಎದುರುಗೋಡೆಯ ಕ್ಯಾಲೆಂಡರಿನ ಕಡೆಗೇ ಗಮನ. ನಿಧಾನವಾಗಿ ಅದು ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು. ಬಲಗಣ್ಣು ಮುಚ್ಚಿ ನೋಡಿದರೆ ಕೈಯಲ್ಲಿದ್ದ ಚೀಟಿಯ ಅಕ್ಷರಗಳು ನೀರಿನಲ್ಲಿ ಕಲಸಿದಂತಾದವು. ಅಷ್ಟು ಹೊತ್ತಿನ ನಂತರ ಮೊದಲ ಸಲ ಅವಳಿಗೆ ಉಸಿರು ನೆಟ್ಟಗೆ ಬಂತು.

ನಾಲ್ಕೂವರೆಗೆ ರಾಮಮೋಹನ್ ಟಾರ್ಚ್ ಹಿಡಿದು ಬಂದರು. ತಾಯಿಯ ಕಣ್ಣು ನೋಡಿದರು, ಮಗಳ ಕಣ್ಣು ನೋಡಿದರು, ಮತ್ತೆ ತಾಯಿಯದನ್ನು ನೋಡಿದರು. ಬರೆದುಕೊಟ್ಟಿದ್ದ ಚೀಟಿಯನ್ನು ಹಿಂದಕ್ಕೆ ಪಡೆದು ಮಡಚಿ ಜೇಬಿಗಿಟ್ಟುಕೊಂಡರು.

"ಮೂರು ನಾಲ್ಕು ದಿನ ನೋಡೋಣ. ಬಿಸಿಲಿಗೆ ಹೋಗಬೇಡಿ," ಎಂದಷ್ಟೇ ಹೇಳಿದರು. ತಪ್ಪಾಯಿತು ಎಂಬ ಮಾತು ಬರಲಿಲ್ಲ. ಅದಕ್ಕಾಗಿ ಕಾಯುವ ತ್ರಾಣ ಸುಲೋಚನಾಳಿಗೂ ಉಳಿದಿರಲಿಲ್ಲ.

ಗಂಡನಿಗೆ ಫೋನ್ ಸಿಗಲಿಲ್ಲ. ಸಂಜೆಯ ಗಾಡಿಯಲ್ಲಿ ಅವರು ಬಾರದ್ದಕ್ಕೆ ಹೆದರಿದ ನರಸಿಂಹಮೂರ್ತಿ ಮರುದಿನ ಮಧ್ಯಾಹ್ನ ತಾನೇ ಬಂದಿಳಿದ. ಬಾಗಿಲು ತೆರೆದ ಹೆಂಡತಿಯ ಮುಖ ನೋಡಿದ, ಅವಳ ಬೆನ್ನ ಹಿಂದೆ ನಿಂತ ಮಗಳ ಮುಖ ನೋಡಿದ. ಸೂಟ್‌ಕೇಸ್ ಕೈಯಿಂದ ಜಾರಿತು.

"ಅಯ್ಯೋ, ಇಬ್ಬರಿಗೂ ಬಂತಾ! ನಡೀರಿ, ಇಬ್ಬರಿಗೂ ಸ್ಕ್ಯಾನ್ ಮಾಡಿಸೋಣ!"

ಸುಲೋಚನಾ ಬಾಗಿಲ ಚೌಕಟ್ಟಿಗೆ ಒರಗಿದಳು. ಬಸ್ಸಿನ ಸೀಟು, ಟವೆಲ್ಲು, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಿತ್ತು.

"ಮೊದಲು ಕೈಕಾಲು ತೊಳ್ಕೊಂಡು ಬನ್ನಿ," ಎಂದಳು. "ಆ ಕಿಟಕಿ ಹತ್ರ ಎಲೆ ಇಟ್ಟಿದೀನಿ. ಅದನ್ನ ಮಾತ್ರ ಮುಟ್ಟಬೇಡಿ."