ಹೇಮಶ್ರೀಯ ಎಡಗೈ

ನನ್ನ ಸಿಟ್ಟಿಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿದೆ. ನಾನು ಹತ್ತುವ ಮೊದಲೇ ಬಸ್ಸು ಬಿಡಲು ಯಗಟಿ ಬಸ್ಸಿನ ಡ್ರೈವರಿಗೂ ಧೈರ್ಯ ಸಾಲದು. ಅಂಥ ಕಮಲಾಕ್ಷಮ್ಮನನ್ನೇ ಹುಡುಕಿ ನಮ್ಮೂರ ಶಾಲಾ ಸಮಿತಿಯವರು ನಲಿ-ಕಲಿ ಕೋಣೆಗೆ ಸಹಾಯಕಿ ಮಾಡಿದರು. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಅಲ್ಲಿ ಒಟ್ಟಿಗೆ ಕೂತು ಕಲಿಯುತ್ತಾರೆ. ಪಾಠ ಬೃಂದಾ ಮೇಡಂದು. ಮೂಗು ಒರೆಸುವುದು, ಜಗಳ ಬಿಡಿಸುವುದು, ಹೊಸದಾಗಿ ಬಂದು ಅಳುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ನನ್ನದು. ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬಂದಿದೆ ಎಂಬುದು ಮುಖ ನೋಡಿದರೇ ನನಗೆ ಗೊತ್ತಾಗುತ್ತಿತ್ತು. ಮೇಡಂ ಕಿವಿಗೆ ಹಾಕಿದರೆ ಅವರು ಆ ಮಗುವಿಗೆ ಅವತ್ತು ಗದರುತ್ತಿರಲಿಲ್ಲ.

ಆ ಕೋಣೆಯಲ್ಲಿ ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಗುಂಪಿಗೆ ತಟ್ಟೆ ಎನ್ನುತ್ತಾರೆ. ಶಿಕ್ಷಕರ ಸಹಾಯ ಪೂರ್ತಿ ಬೇಕಾದವರು ಮೊದಲ ತಟ್ಟೆಗೆ, ತಾವೇ ಕಲಿಯಬಲ್ಲವರು ಐದನೆಯದಕ್ಕೆ. ಮಕ್ಕಳು ಇದಕ್ಕೆ ಆರನೆಯದೊಂದನ್ನು ಸೇರಿಸಿದ್ದರು, ಕಮಲಜ್ಜಿಯ ತೊಡೆ ಅಂತ. ಅದರಲ್ಲಿ ಇದ್ದವಳು ಹೇಮಶ್ರೀ ಒಬ್ಬಳೇ.

ಹೇಮಶ್ರೀಗೆ ಎಂಟು ವರ್ಷ. ಹುಟ್ಟಿನಿಂದ ಬಲಗೈ, ಬಲಗಾಲು ಸೋತಿದ್ದವು. ತಾಯಿ ಇಲ್ಲ, ಸಾಕುವವಳು ಅಜ್ಜಿ ದ್ಯಾವಮ್ಮ. ಬೆಳಕು ಹರಿಯುವ ಮೊದಲೇ ಅವಳು ಕೂಲಿಗೆ ಹೊರಡಬೇಕು. ಶಾಲೆಗೆ ಸೇರುವ ಮುಂಚೆ ಮಗುವನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದಳು. ಒಂದು ದಿನ ಆ ಬಾಗಿಲ ಮುಂದೆ ಹಾದು ಹೋಗುವಾಗ ಒಳಗೆ ಮಗು ಬಾಗಿಲು ಬಡಿಯುತ್ತಿದ್ದುದು ಕೇಳಿಸಿತು. ಆಮೇಲೆ ನಾನೇ ಜಗಳ ಮಾಡಿ ಶಾಲೆಗೆ ಕರೆತಂದೆ.

ಮೂರು ವರ್ಷ ಅವಳಿಗೆ ನಾನು ಮಾಡದ ಕೆಲಸವಿಲ್ಲ. ಗೋಡೆಯ ಸಾಲುಗಳಿಂದ ಪಾಠದ ಕಾರ್ಡು ತಂದುಕೊಟ್ಟೆ, ಊಟ ಕಲಸಿಕೊಟ್ಟೆ. ಬರೆಯುವಾಗ ಸೋತ ಬಲಗೈಗೆ ಬಳಪ ಕೊಟ್ಟು, ಮೇಲೆ ನನ್ನ ಕೈಯಿಟ್ಟು ತಿದ್ದಿಸಿದೆ. ಎಡಗೈ ಮುಂದೆ ಬಂದರೆ ಮೆಲ್ಲಗೆ ತಟ್ಟುತ್ತಿದ್ದೆ. "ಸರಸ್ವತಿಗೆ ಎಡಗೈ ತೋರಿಸ್ತಾರೇನೇ, ಕತ್ತೆ?" ಎನ್ನುತ್ತಿದ್ದೆ. ಸ್ಲೇಟಿನ ತುಂಬ ಮುದ್ದಾದ ಅಕ್ಷರ ಮೂಡುತ್ತಿದ್ದವು. ಎಲ್ಲ ನನ್ನವೇ, ಬಿಡಿ.

ಫೆಬ್ರವರಿಯಲ್ಲಿ ಕಡೂರಿನಿಂದ ತೀರ್ಥೇಶ್ ಸಾರ್ ಬಂದರು. ಇಂಥ ಮಕ್ಕಳನ್ನು ನೋಡಿಕೊಳ್ಳುವ ವಿಶೇಷ ಶಿಕ್ಷಕರು ಅವರು. ಮುಂದಿನ ವರ್ಷ ಹೇಮಶ್ರೀ ನಾಲ್ಕನೇ ತರಗತಿಗೆ ಹೋಗಬೇಕು, ಅಲ್ಲಿ ಸಹಾಯಕಿ ಇರುವುದಿಲ್ಲ. ತನ್ನಷ್ಟಕ್ಕೆ ಕೂತು ಕೆಲಸ ಮಾಡಬಲ್ಲಳೇ ಎಂದು ನೋಡಬೇಕಿತ್ತು. ಅವರು "ಪುಟ್ಟಿ, ಒಂದು ಕಾರ್ಡ್ ತಗೊಂಡು ಬಂದು ಬರಿ ನೋಡಣ" ಎಂದರು. ಹೇಮಶ್ರೀ ನನ್ನತ್ತ ತಿರುಗಿ ಬಲಗೈ ಚಾಚಿದಳು. ನಾನು ಎದ್ದೆ.

"ನೀವು ಕೂತ್ಕೊಳಿ ಅಮ್ಮ" ಎಂದರು ಸಾರ್.

ನಾನು ಕೂತೆ. ಅವಳು ಚಾಚಿದ ಕೈ ಹಾಗೇ ಇಟ್ಟುಕೊಂಡು ಕಾದಳು. ಹತ್ತು ನಿಮಿಷ! ಮಗು ಜಾಗ ಬಿಟ್ಟು ಕದಲಲಿಲ್ಲ, ಬಳಪ ಮುಟ್ಟಲಿಲ್ಲ.

ಹೊರಡುವಾಗ ಸಾರ್ ಮೆತ್ತಗೆ ಹೇಳಿದರು, "ಒಂದು ತಿಂಗಳು ಬಿಟ್ಟು ಬತ್ತೀನಿ. ಹಿಂಗೇ ಇದ್ರೆ ಮನೇಲೇ ಪಾಠ ಅಂತ ಬರೀಬೇಕಾಗುತ್ತೆ. ವಾರಕ್ಕೊಂದು ಸಲ ಯಾರಾದ್ರೂ ಮನೆಗೆ ಬಂದು ಹೇಳ್ಕೊಡ್ತಾರೆ."

ವಾರಕ್ಕೊಂದು ಸಲ ಪಾಠ. ಉಳಿದ ದಿನ ಹೊರಗಿನಿಂದ ಚಿಲಕ. ನನ್ನ ಸಿಟ್ಟೆಲ್ಲ ಮೇಡಂ ಮೇಲೆ ಹರಿಯಿತು.

"ಏನ್ ಮೇಡಂ, ಬಾಯಿಗೆ ಬೀಗ ಹಾಕ್ಕಂಡು ನಿಂತಿದ್ರಲ್ಲ! ಜಾಣೆ ಮಗು ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ?"

ಬೃಂದಾ ಮೇಡಂಗೆ ನನ್ನ ಮಗಳ ವಯಸ್ಸು. ಹೆದರುತ್ತಲೇ ಹೇಳಿದರು. "ಜಾಣೆನೇ ಕಮಲಾಕ್ಷಮ್ಮ. ಆದ್ರೆ ಅವಳು ಮಾಡೋಕ್ ಮುಂಚೆ ನೀವೇ ಮಾಡ್ಬಿಡ್ತೀರಿ. ನಾನೂ ಮೊದ್ಲೇ ಹೇಳ್ಬೇಕಿತ್ತು. ನಿಮ್ಮ ಸಿಟ್ಟಿಗೆ ಹೆದರಿ ಸುಮ್ಮನಿದ್ದೆ, ತಪ್ಪು ನಂದೂ ಇದೆ."

"ಓಹೋ, ನಾನು ಕೆಡಿಸಿದ್ನಾ? ಹಂಗಾದ್ರೆ ನೀವೇ ಇಟ್ಕಳಿ ನಿಮ್ಮ ಶಾಲೇನ!" ಎಂದು ಮನೆಗೆ ಬಂದುಬಿಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅದು ಗೊತ್ತಿದ್ದೂ ಎರಡು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ. ನಾನಿಲ್ಲದೆ ಮಗು ಅಳುತ್ತಿರಬೇಕು, ಅಳಲಿ, ಆಗ ಬುದ್ಧಿ ಬರುತ್ತದೆ ಆ ಮೇಡಂಗೆ ಎಂದು ಒಳಗೊಳಗೇ ಹಾರೈಸಿಕೊಂಡೆ. ಈಗ ನೆನೆದರೆ ನನಗೇ ಅಸಹ್ಯವಾಗುತ್ತದೆ.

ಎರಡನೇ ದಿನ ಸಂಜೆ ದ್ಯಾವಮ್ಮ ಬಂದಳು.

"ಕಮಲಕ್ಕ, ಮೈ ಹುಷಾರಿಲ್ವಾ? ಶಾಲೆಗೆ ಹೋಗ್ಲಿಲ್ವಂತೆ."

"ನಂದಿರ್ಲಿ. ಮಗು ಅತ್ತಿತಾ?"

"ಮೊದ್ಲು ಅತ್ತಿತಂತೆ. ಆಮೇಲೆ ಕಾರ್ಡು ಎಳ್ಕಂಡು ಬಂದು ಎಡಗೈಲಿ ಏನೋ ಗೀಚ್ತಂತೆ. ಅದೊಂದು ದರಿದ್ರ ಅಭ್ಯಾಸ ಅದಕ್ಕೆ. ಮನೇಲೂ ಇದ್ದಿಲು ಹಿಡ್ಕಂಡು ನೆಲದ ಮೇಲೆ ಎಡಗೈಲೇ ಗೀಚ್ತದೆ. ನೀನು ಬೈತೀಯ ಅಂತ ನಾನೂ ಎರಡು ಬಿಡ್ತೀನಿ."

ಆ ರಾತ್ರಿ ಉಣ್ಣದೆ ಎದ್ದೆ. ದೇವರು ಒಂದು ಕೈ ಕಿತ್ತುಕೊಂಡು ಒಂದು ಉಳಿಸಿದ್ದ. ಅಯ್ಯೋ ಪಾಪ, ಪಾಪ ಎನ್ನುತ್ತಲೇ ನಾನು ಆ ಉಳಿದದ್ದಕ್ಕೂ ಹೊಡೆದಿದ್ದೆ. ತೆಂಗಿನ ಸಸಿಗೆ ದಿನವಿಡೀ ನೀರು ನಿಲ್ಲಿಸಿದರೆ ಬೇರು ಕೊಳೆಯುತ್ತದೆ ಎಂಬುದು ತೋಟ ಮಾಡುವ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಬೆಳಗ್ಗೆ ಹೋಗಿ ಮೇಡಂ ಮುಂದೆ ನಿಂತೆ. ಕ್ಷಮಿಸಿ ಎನ್ನಲು ನಾಲಿಗೆ ಹೊರಳಲಿಲ್ಲ. "ಏನ್ ಮಾಡ್ಬೇಕು ಹೇಳಿ" ಎಂದೆ. ಅವರಿಗೆ ಅರ್ಥವಾಯಿತು. "ಎಡಗೈಗೆ ಬಳಪ ಕೊಡಿ. ಆಮೇಲೆ ಅವಳು ಕಷ್ಟಪಡ್ತಿದ್ರೂ ಇಪ್ಪತ್ತು ಎಣಿಸೋವರ್ಗೂ ಮುಟ್ಬೇಡಿ. ಕಣ್ಣು ಮಾತ್ರ ಅವಳ ಮೇಲಿರ್ಲಿ" ಎಂದರು.

ಇಪ್ಪತ್ತು ಎಣಿಸುವುದೆಂದರೆ ಸುಲಭವೇ? ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಹೇಮಶ್ರೀ ಬಳಪ ಎಸೆದಳು, ನೆಲ ಒದ್ದಳು. "ಕಮಲಜ್ಜಿ ಕೆಟ್ಟೋಳು" ಎಂದು ಇಡೀ ಕೋಣೆಗೆ ಕೇಳುವಂತೆ ಕಿರುಚಿದಳು. ಮೂರು ದಿನ ನನ್ನ ಜೊತೆ ಮಾತೇ ಬಿಟ್ಟಳು. ನಾನು ಹಿತ್ತಲಿಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡು ಬರುತ್ತಿದ್ದೆ.

ನಿಧಾನಕ್ಕೆ ಒಂದೊಂದೇ ಹಾದಿಗೆ ಬಂತು. ಮೇಲಿನ ಸಾಲಿನ ಕಾರ್ಡು ಅವಳಿಗೆ ಎಟುಕದು ಎಂದು ಕಂಡು ಕೆಳಗಿನ ಸಾಲಿಗೆ ಇಳಿಸಿದೆ. ಸ್ಲೇಟು ಜಾರುತ್ತದೆ ಎಂದು ಅಡಿಗೆ ಒದ್ದೆ ಬಟ್ಟೆ ಹಾಸಿದೆ. ಅವಳ ಬದಲು ಬರೆದುಕೊಡಲು ಓಡಿ ಬರುತ್ತಿದ್ದ ಐದನೇ ತಟ್ಟೆಯ ಸ್ಫೂರ್ತಿಗೆ, "ಪಕ್ದಲ್ಲಿ ಕೂತ್ಕೊ, ಕೈ ಹಾಕ್ಬೇಡ ಕಣೇ" ಎಂದು ಕಲಿಸಿದೆ. ಹೀಗೆ ನೋಡುತ್ತ ಕೂತಾಗಲೇ ನನಗೆ ಉಳಿದ ಮಕ್ಕಳೂ ಕಾಣತೊಡಗಿದ್ದು. ಮೂರು ವರ್ಷ ಅವರ ಪಾಲನ್ನೂ ಒಬ್ಬಳಿಗೇ ಸುರಿದಿದ್ದೆ.

ಮಾರ್ಚಿನಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ತೀರ್ಥೇಶ್ ಸಾರ್ ಬಂದರು. ದ್ಯಾವಮ್ಮ ಕೂಲಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಹೇಮಶ್ರೀ ಗೋಡೆ ಹಿಡಿದು ಎದ್ದು, ಕಾಲೆಳೆಯುತ್ತ ಹೋಗಿ ಕಾರ್ಡು ತಂದಳು. ಕೂತು ಎಡಗೈಯಲ್ಲಿ 'ಸರ' ಎಂದು ಬರೆದಳು. ಅಕ್ಷರ ಒಂದು ಬೆಟ್ಟದಷ್ಟು, ಒಂದು ಬೆಂಡೆಬೀಜದಷ್ಟು. ಆಮೇಲೆ 'ಅರಸ' ಬರೆಯಹೊರಟಾಗ ಬಳಪ ಜಾರಿ ಉರುಳಿತು. ಉರುಳಿ ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು.

ಹೇಮಶ್ರೀ ನನ್ನ ಮುಖ ನೋಡಿದಳು.

"ಎತ್ಕೊಡಕ್ಕ, ಪಾಪ!" ಎಂದಳು ದ್ಯಾವಮ್ಮ.

"ಬಾಯ್ ಮುಚ್ಕಂಡಿರು ದ್ಯಾವಮ್ಮ!" ಎಂದು ಗದರಿದೆ. ಸಾರ್ ಕೂಡ ಬೆಚ್ಚಿದರು. ನಾನು ಎಣಿಸತೊಡಗಿದೆ. ಹನ್ನೆರಡು ಎನ್ನುವಷ್ಟರಲ್ಲಿ ಅವಳು ನೆಲಕ್ಕೆ ಎಡಗೈ ಊರಿ ತೆವಳಿದಳು. ಬಳಪ ಹಿಡಿದಳು, ಹಾಗೇ ಹಿಂದಕ್ಕೆ ಸರಿದು ಕೂತಳು. ಬರೆದು ಮುಗಿಸಿ ಸ್ಲೇಟನ್ನು ಸಾರ್ ಕಡೆ ತಿರುಗಿಸಿದಳು.

ಸಾರ್ ನಗುತ್ತ ಕಾಗದ ತೆಗೆದರು. "ಶಾಲೇಲೇ ಮುಂದುವರೀಲಿ ಅಂತ ಬರೀತೀನಿ. ಇನ್ನೊಂದು ಕಾಲಂ ಇದೆ. ಪುಟ್ಟಿ, ನಾಲ್ಕನೇ ಕ್ಲಾಸಲ್ಲಿ ಪಕ್ಕದಲ್ಲಿ ಕೂರೋಕೆ ಯಾರಾದ್ರೂ ಬೇಕಾ? ಬೇಕಂದ್ರೆ ಮೇಲಿನೋರ್ನ ಕೇಳಿ ನೋಡಣ."

ಹೇಮಶ್ರೀ ನನ್ನತ್ತ ತಿರುಗಲೂ ಇಲ್ಲ.

"ಬೇಡ" ಎಂದಳು.

ಸಾರ್ ಪೆನ್ನು ಹಿಡಿದುಕೊಂಡು, ನನಗೆ ನೋವಾಯಿತೇನೋ ಎಂಬಂತೆ ನನ್ನ ಮುಖವನ್ನೇ ನೋಡಿದರು. ನೋವಾಗಿತ್ತು. ಯಾಕೆ ಸುಳ್ಳು ಹೇಳಲಿ?

"ನನ್ನ ಮಖ ಏನ್ ನೋಡ್ತೀರಿ ಸಾರ್?" ಎಂದೆ. "ಮಗು ಬಾಯ್ಬಿಟ್ಟು ಹೇಳ್ಲಿಲ್ವಾ? ಬೇಡ ಅಂತ ಬರ್ಕಳಿ."