ತಿರುವಿನಲ್ಲಿ ಕಂಡ ಹಳದಿ

ಮುಚ್ಚಿದ ಷಟರಿನ ಮೇಲೆ ಯಾರೋ ಉಗುರಿನಿಂದ ತಟ್ಟಿದರು. ಬೀದಿ ಮಲಗಿದ್ದ ಹೊತ್ತು. ಟೈಲರ್ ಹೊಲಿಗೆ ಮಿಷನ್ನಿನಿಂದ ಕಾಲು ತೆಗೆದು ಕಿವಿಗೊಟ್ಟ. ಮತ್ತೆ ಅದೇ ಸದ್ದು, ಇಲಿ ಕೆರೆದಷ್ಟು ಮೆಲ್ಲಗೆ.

ಷಟರನ್ನು ಅರ್ಧ ಎತ್ತಿದಾಗ ಬಗ್ಗಿ ಒಳಬಂದವಳು ಸತ್ತವನ ಅಕ್ಕ. ಟೈಲರ್ ಕಣ್ಣು ಕೆಳಗಿಳಿಸಿದ. ಮಣ್ಣು ಮಾಡಿದ ದಿನದಿಂದ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಟೈಲರ್, ಸತ್ತವನು ಇಬ್ಬರೂ ಇದ್ದ ಬೈಕ್ ಗುಂಪಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಎಲ್ಲರಿಗಿಂತ ಮುಂದೆ ಡ್ರಾಯಿಂಗ್ ಮೇಷ್ಟ್ರು. ದಾರಿ ತಿರುಗುವಲ್ಲೆಲ್ಲ ಅವರ ಹಿಂದಿನವನು ನಿಂತು ಕೈ ತೋರಿಸಬೇಕು. ಕೊನೆಯವನು ಬರುವವರೆಗೆ ಅಲ್ಲಾಡಬಾರದು. ಕೊನೆಯವನ ಗುರುತು ಹಳದಿ ಜಾಕೆಟ್. ಅದನ್ನು ಹೊಲಿದವನು ಟೈಲರ್, ತೊಡುತ್ತಿದ್ದವನು ಇವಳ ತಮ್ಮ. ಗುಂಪಿನವರು ಅವನನ್ನು ‘ಬಾಲ’ ಎಂದೇ ಕರೆಯುತ್ತಿದ್ದರು.

ಅವನು ಸತ್ತ ಬೆಳಿಗ್ಗೆ ಮಂಜು ಕವಿದ ತಿರುವಿನಲ್ಲಿ ನಿಂತಿದ್ದವನು ಟೈಲರ್. ಹಳದಿ ಕಂಡಿತು, ಹೊರಟ. ಬಾಲ ಮಾತ್ರ ತಿರುವು ತಿಳಿಯದೆ ನೇರ ಹೋಗಿ, ಸೇತುವೆಗೆಂದು ಅಗೆದಿದ್ದ ಹೊಂಡಕ್ಕೆ ಬಿದ್ದಿದ್ದ. ಹಳದಿ ಕಂಡೆನೆಂದು ಟೈಲರ್ ಎಷ್ಟು ಗೋಗರೆದರೂ ಮೇಷ್ಟ್ರು ನಂಬಲಿಲ್ಲ. “ಹೆಲ್ಮೆಟ್ಟೊಳಗೆ ನಿದ್ದೆ ಹೊಡೀತಿದ್ದೆಯೇನಯ್ಯಾ?” ಎಂದಿದ್ದರು. ಬರಬರುತ್ತ ಟೈಲರ್‌ಗೇ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು.

ಅವಳು ಚೀಲದಿಂದ ತೆಗೆದಿಟ್ಟದ್ದು ಅದೇ ಜಾಕೆಟ್. ಆಸ್ಪತ್ರೆಯವರು ಕತ್ತರಿಸಿ ಎಸೆದಿರಬೇಕೆಂದು ಅವನು ಅಂದುಕೊಂಡಿದ್ದ. ಕಲೆಯಿಲ್ಲ, ಹರುಕಿಲ್ಲ.

“ಇದನ್ನ ನನ್ನ ಅಳತೆಗೆ ಮಾಡಿಕೊಡಿ ಅಣ್ಣ. ಅಮ್ಮ ನೋಡಿದ್ರೆ ಒಲೆಗೆ ಹಾಕ್ತಾಳೆ. ಅದಕ್ಕೇ ಈ ಹೊತ್ತಲ್ಲಿ ಬಂದೆ.”

“ನಿನ್ನ ಹತ್ರ ಹೇಗೆ ಬಂತಮ್ಮ?”

“ಅವತ್ತು ಟೀ ಕುಡಿದು ನೀವೆಲ್ಲ ಮುಂದೆ ಹೋದ್ರಲ್ಲ, ಆಗ. ಚಳಿಗೆ ನಡುಗ್ತಿದ್ದೆ. ‘ನಿನ್ನ ಹಲ್ಲಿನ ಸದ್ದು ನನ್ನ ಇಂಜಿನ್ನಿಗಿಂತ ಜೋರು ಕಣಕ್ಕ’ ಅಂತ ತಾನೇ ತೊಡಿಸಿ, ನನ್ನನ್ನ ತನಗಿಂತ ಮುಂದೆ ಕಳಿಸ್ದ. ನೀವೆಲ್ಲ ಸಿಗೋ ಮೊದಲೇ ಬಿಸಿಲು ಬಂತು, ತೆಗೆದು ಚೀಲಕ್ಕೆ ತುರುಕಿದೆ.”

ಅವಳು ಗುಂಪಿನ ಜೊತೆ ಬೈಕ್ ಓಡಿಸಿದ್ದು ಅದೇ ಮೊದಲು. ಹಳದಿಯೇ ಕೊನೆಯವನ ಗುರುತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತಿರುವಿನಲ್ಲಿ ಟೈಲರ್ ಕಂಡ ಹಳದಿ ಇವಳದು. ಕಣ್ಣು ಮೋಸ ಮಾಡಿರಲಿಲ್ಲ! ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಗಳಿಗೆಯಲ್ಲೇ ತನ್ನ ಮೇಲೆ ಹೇಸಿಗೆಯಾಯಿತು. ಆ ಕಲ್ಲು ಇನ್ನು ಹೋಗಿ ಕೂರುವುದು ಇವಳ ಎದೆಯ ಮೇಲಲ್ಲವೇ?

“ಭಾನುವಾರ ನಿಮ್ಮನ್ನ ಗುಂಪಿಂದ ತೆಗೀತಾರಂತೆ?”

“ತೆಗೀಲಿ ಬಿಡಮ್ಮ.”

“ಒಂದೇ ಮಾತು ಕೇಳ್ತೀನಿ. ಯಾಕಣ್ಣ ಕಾಯ್ಲಿಲ್ಲ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವಳು ಜಾಕೆಟ್ಟಿನ ಕಾಲರನ್ನು ಮಗುವಿನ ತಲೆಯಂತೆ ನೇವರಿಸುತ್ತಿದ್ದಳು.

“ಆತುರ ಕಣಮ್ಮ. ತಪ್ಪು ನಂದೇ.”

ಅವಳು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸದ್ದಿಲ್ಲದೆ ಅತ್ತಳು.

“ಮೇಲೆ ನೀಲಿ ಬಟ್ಟೆ ಹೊದಿಸ್ತೀನಿ,” ಎಂದ ಟೈಲರ್, ಅವಳ ಭುಜದಳತೆ ಹಿಡಿಯುತ್ತ. “ಹಳದಿ ಒಳಗಿರಲಿ. ಅಮ್ಮನಿಗೆ ಗುರುತು ಸಿಗಲ್ಲ. ನಿನ್ನ ಮೈಗೆ ತಾಗೋದು ಮಾತ್ರ ಅವನದೇ.”

ಯಾರಿಗೂ ಗುರುತು ಸಿಗಬಾರದು ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಅವಳು ಹೋದ ಮೇಲೆ ನೀಲಿ ಬಟ್ಟೆಯ ಥಾನು ಬಿಚ್ಚಿದ. ಭಾನುವಾರ ಮೇಷ್ಟ್ರು ಏನೆಂದರೂ ತಲೆ ತಗ್ಗಿಸಿ ಕೇಳುವುದು. ಇವತ್ತು ತಿಳಿದದ್ದನ್ನು ಹೆಂಡತಿಗೂ ಹೇಳಕೂಡದು. ಹಾಗೆಂದು ನಿಶ್ಚಯಿಸಿ ಬಟ್ಟೆಗೆ ಕತ್ತರಿ ಹಾಕಿದ.