ನಾಲ್ಕು ಟ್ರೇ ಮಸಾಲೆ

ಅತ್ತೆ ಐಸ್ ಟ್ರೇಗಳನ್ನು ಒಂದೊಂದಾಗಿ ಸಿಂಕಿನಲ್ಲಿ ಬಡಿದರು. ಹೆಪ್ಪುಗಟ್ಟಿದ ಮಸಾಲೆ ತುಂಡುಗಳು ಟಕಟಕನೆ ಉದುರಿದವು. ಮೇಲಿಂದ ನಲ್ಲಿ ಬಿಟ್ಟರು.

"ನನ್ನ ಮೊಮ್ಮಗಳು ಮಂಜುಗಡ್ಡೆ ತಿನ್ನೋಕೆ ಹುಟ್ಟಿಲ್ಲ ಕಣೇ ಬಿಂದು."

ಹಿಂದಿನ ದಿನ, ಶನಿವಾರ ಸಂಜೆಯೆಲ್ಲ ಕೊತ್ತಂಬರಿ ಬೀಜ, ಮೆಣಸಿನಕಾಯಿ, ಕಡಲೆಬೇಳೆ ಹುರಿದು, ಕಾಯಿ ಹಾಕಿ ರುಬ್ಬಿ ತುಂಬಿಸಿಟ್ಟಿದ್ದೆ. ಮೂರು ತುಂಡು ಮಸಾಲೆ, ಒಂದು ತುಂಡು ಹುಣಸೆರಸ, ಬೆಂದ ಬೇಳೆ. ಹತ್ತು ನಿಮಿಷದಲ್ಲಿ ಹುಳಿ.

ಬ್ಯಾಂಕಿನವರು ಬಡ್ತಿ ಕೊಟ್ಟು ನನ್ನನ್ನು ವಿಜಯವಾಡಕ್ಕೆ ಹಾಕಿ ಎಂಟು ತಿಂಗಳಾಗಿತ್ತು. ನಮ್ಮವರು ನೌಕಾಪಡೆಯಲ್ಲಿ, ಹಡಗು ಹೊರಟರೆ ತಿಂಗಳುಗಟ್ಟಲೆ ಇಲ್ಲ. ಎಂಟನೇ ತರಗತಿಯ ಧನ್ಯಾಳನ್ನು ನೋಡಿಕೊಳ್ಳಲು ಅತ್ತೆ ತುಮಕೂರಿನಿಂದ ವಿಶಾಖಪಟ್ಟಣದ ಈ ಕ್ವಾರ್ಟರ್ಸಿಗೆ ಬಂದರು. ನಾನು ಬರುವುದು ವಾರದ ಕೊನೆಗೆ. ಅವರಿಗೆ ಮಂಡಿನೋವು. ನಿಂತು ರುಬ್ಬುವ ಕಷ್ಟ ತಪ್ಪಲಿ ಎಂದು ನಾನು ಟ್ರೇ ತುಂಬಿಸತೊಡಗಿದ್ದು. ಅದನ್ನವರು ಅವಮಾನವೆಂದೇ ಎಣಿಸಿದರು.

"ನನ್ನ ಕೈಲಾಗಲ್ಲ ಅಂತ ಸಾರೋ ಹಂಗೆ ತುಂಬಿಸಿಟ್ಟು ಹೋಗ್ತೀಯ. ಸಿಂಹಾಚಲ ದೇವಸ್ಥಾನದ ಪುಳಿಯೋಗರೆನೇ ಮೂರನೇ ದಿನಕ್ಕೆ ಹಳಸತ್ತೆ, ನಿಂದು ಹಳಸಲ್ವೇನು?"

"ಗಟ್ಟಿಯಾಗಿರೋವರೆಗೂ ಹಳಸಲ್ಲ ಅತ್ತೆ."

"ಗಟ್ಟಿ ನಿನ್ನ ಎದೆ. ಮಗೂನ ಬಿಟ್ಟು ರೈಲು ಹತ್ತೋದಕ್ಕೆ ಅಂಥಾ ಎದೆನೇ ಬೇಕು." ನಲ್ಲಿ ನಿಲ್ಲಿಸಿ ತಿರುಗಿದರು. "ನಿನ್ನ ಗಂಡನ ಹತ್ರ ಮಾತಾಡಿದೀನಿ. ಮಗು ಹೂಂ ಅಂದ್ರೆ ಕರ್ಕೊಂಡ್ಹೋಗು ಅಂದಿದಾನೆ. ಜೂನಿಂದ ತುಮಕೂರಲ್ಲೇ ಸ್ಕೂಲು. ನಿನ್ನೆದುರಿಗೇ ಹೇಳ್ಲಿ ಅವಳು."

ನಾನು ಕಟ್ಟೆಯ ಅಂಚು ಹಿಡಿದುಕೊಂಡೆ. ಇಲ್ಲಿಗಾದರೆ ವಾರಕ್ಕೊಮ್ಮೆ ಬರುತ್ತೇನೆ. ತುಮಕೂರಿಗೆ ವರ್ಷದಲ್ಲಿ ಎಷ್ಟು ಸಲ ಹೋದೇನು?

ಧನ್ಯಾ ಬಾಗಿಲಲ್ಲೇ ಇದ್ದಳು. ಅಜ್ಜಿಯ ಮಾತು ಮುಗಿಯುತ್ತಲೇ ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

"ನೋಡಿದ್ಯಾ? ಅವಳಿಗೂ ಸಾಕಾಗಿದೆ ನಿನ್ನ ಸಹವಾಸ."

ಐದು ನಿಮಿಷಕ್ಕೆ ಹುಡುಗಿ ವಾಪಸಾದಳು. ಕೈಯಲ್ಲಿ ಹಿಮ ಕಟ್ಟಿದ ಸ್ಟೀಲ್ ಡಬ್ಬ.

"ಪಕ್ಕದ್ಮನೆ ವಿಜಯಲಕ್ಷ್ಮೀ ಆಂಟಿ ಫ್ರೀಜರ್‌ನಲ್ಲಿತ್ತು. ನಾನಮ್ಮ ಪ್ರತಿ ಸೋಮವಾರ ಎಸೀತಾರಲ್ಲ, ಅದಕ್ಕೇ ನೀನು ರೈಲಿಗೆ ಹೋದ ತಕ್ಷಣ ನಾಲ್ಕು ತುಂಡು ತೆಗೆದಿಡ್ತಿದ್ದೆ."

"ಅಜ್ಜಿ ಅನ್ನು! ತೆಲುಗರ ಥರ ನಾನಮ್ಮ ಅಂತೆ!" ಅತ್ತೆ ಸಿಡಿದರು.

"ಪ್ರತಿ ಸೋಮವಾರವೂನಾ ಅತ್ತೆ?"

"ಹೂಂ, ಎಸ್ದೆ. ಏನೀಗ?"

ಎಂಟು ತಿಂಗಳ ಶನಿವಾರಗಳು ಆ ಸಿಂಕಿನಲ್ಲಿ ಹೋಗಿದ್ದವು. ಧನ್ಯಾಳತ್ತ ತಿರುಗಿದೆ. "ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಾ?"

"ನೀನು ರೈಲಲ್ಲಿ ಅಳ್ತೀಯ."

ಕುಕ್ಕರಿನಲ್ಲಿ ಬೆಂದ ಬೇಳೆಯಿತ್ತು. ಧನ್ಯಾ ತುಂಡುಗಳನ್ನು ಹಾಕಿ ಕುದಿಸಿದಳು, ಒಗ್ಗರಣೆ ಕೊಟ್ಟಳು. ಅನ್ನದ ಮೇಲೆ ಬಡಿಸಿ ಮೊದಲ ತಟ್ಟೆಯನ್ನು ಅಜ್ಜಿಯ ಮುಂದೆ ಕುಕ್ಕಿದಳು. ಅಷ್ಟು ದಿನ ಅವರು ಅದನ್ನು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ. ಬೆರಳಿಗೆ ಹತ್ತಿದ್ದನ್ನು ನೆಕ್ಕಿ ನನ್ನನ್ನೇ ದಿಟ್ಟಿಸಿದರು.

"ಚಕ್ಕೆ ಚೂರು. ಮೆಂತ್ಯ ಆರೇ ಕಾಳು. ಇದು ನನ್ನ ಅಳತೆ."

"ಮದುವೆಯಾದ ಹೊಸದರಲ್ಲಿ ನೀವೇ ಹೇಳಿಕೊಟ್ಟಿದ್ದು."

"ಕಲ್ತಿದ್ದನ್ನ ಐಸಲ್ಲಿ ಹೂತಿಟ್ಟಿದೀಯ!"

"ನಾನು ತುಮಕೂರಿಗೆ ಬರಲ್ಲ," ಎಂದಳು ಧನ್ಯಾ. "ನೀವು ಹೋಗೋದಾದ್ರೆ ಹೋಗಿ. ನಂಗೆ ಹುಳಿ ಮಾಡೋಕೆ ಬರತ್ತೆ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ನನಗೆ ಗೆದ್ದೆ ಅನ್ನಿಸಬೇಕಿತ್ತು. "ಅಜ್ಜಿಗೆ ಹಾಗನ್ನಬಾರದು," ಎಂದೆ.

"ನಿನ್ನ ವಕಾಲತ್ತು ನಂಗೆ ಬೇಡ. ಉಪ್ಪು ಕಮ್ಮಿ," ಎಂದು ಅತ್ತೆ ತಟ್ಟೆ ಹತ್ತಿರಕ್ಕೆಳೆದುಕೊಂಡರು. ಪೂರ್ತಿ ಉಂಡರು. ಆಮೇಲೆ ದೂರದ ಬಂದರಿನಲ್ಲಿದ್ದ ಮಗನಿಗೆ ಫೋನ್ ಮಾಡಿ, "ಬರಲ್ಲವಂತೆ," ಎಂದಷ್ಟೇ ಹೇಳಿ ಇಟ್ಟರು.

ರೈಲಿಗೆ ಒಂದು ಗಂಟೆಯಿತ್ತು. ಖಾಲಿ ಟ್ರೇಗಳನ್ನು ತೊಳೆಯುತ್ತಿದ್ದಾಗ ಅವರು ಬೆನ್ನ ಹಿಂದೆ ಬಂದು ನಿಂತರು.

"ತೊಳೆದಿಟ್ಟು ಹೊರಡು. ಇನ್ಮೇಲೆ ನಾನು ತುಂಬಿಸ್ತೀನಿ. ನೀನು ರುಬ್ಬಿದ್ದು ಈ ಮನೇಲಿ ಬೇಡ."

"ಮಂಡಿನೋವು ಅತ್ತೆ..."

"ಕೂತು ರುಬ್ತೀನಿ. ನಿನ್ನ ಕೇಳಿದ್ನಾ?"

ಟ್ರೇಗಳನ್ನು ಒರೆಸಿ, ಅವರು ಬಗ್ಗದೆ, ಎಟಕಿಸದೆ ತೆಗೆದುಕೊಳ್ಳುವಂತೆ ನಡುವಿನ ಶೆಲ್ಫಿನಲ್ಲಿಟ್ಟೆ.